ಅಡಿವೆವ್ವನ ಮುಚ್ಚಿದ ಚಪಾತಿ

ಹಳ್ಳಕ್ಕೆ ಇನ್ನೂ ಸೇತುವೆ ಇಲ್ಲದ ಕಾಲದಲ್ಲಿ, ಎರೆಭೂಮಿಯ ಒಂದು ಊರಿನಲ್ಲಿ, ಅಡಿವೆವ್ವ ಎಂಬ ಹೆಂಗಸು ಇದ್ದಳಂತೆ. ಎಷ್ಟು ವರ್ಷದ ಹಿಂದೆ ಎಂದು ಕೇಳಬೇಡಿ, ಹೇಳಿದವರಿಗೂ ಅದು ಕೇಳಿದ ಮಾತೇ. ಅವಳ ಚಪಾತಿ ತಿಂದು ಕುರುಡನಿಗೆ ಕಣ್ಣು ಬಂತಂತೆ, ಬಿದ್ದ ಎತ್ತು ಎದ್ದು ನಿಂತಿತಂತೆ. ಇರಲಿ. ಬಾಯಿಂದ ಬಾಯಿಗೆ ಹೋಗುವ ಮಾತು ಹಂಚಿನ ಮೇಲಿನ ಚಪಾತಿಯ ಹಾಗೆ ಉಬ್ಬುತ್ತದೆ. ಉಬ್ಬಿದ್ದನ್ನು ತೆಗೆದರೆ ಉಳಿಯುವುದು ಒಬ್ಬ ತಾಯಿ, ಒಬ್ಬ ಮಗಳು.

ಮಗಳ ಹೆಸರು ಬಾಳವ್ವ. ಹಳ್ಳದ ಆಚೆ ದಂಡೆಯ ಊರಿಗೆ ಕೊಟ್ಟಿದ್ದರು. ಮೊದಲ ಬಸಿರು. ಒಂಬತ್ತನೇ ತಿಂಗಳಲ್ಲಿ ತವರಿಗೆ ಕರೆತರಬೇಕೆಂದು ಅಡಿವೆವ್ವ ಹಾಸಿಗೆ ಕೂಡ ಬಿಸಿಲಿಗೆ ಹಾಕಿದ್ದಳು. ಕೂಸು ಅವಸರ ಮಾಡಿ ಎಂಟರಲ್ಲೇ ಹುಟ್ಟಿತು. ಇನ್ನು ಆ ಕಾಲದ ಪದ್ಧತಿಯನ್ನು ಹೇಳಬೇಕು, ಇಲ್ಲದಿದ್ದರೆ ಅಡಿವೆವ್ವನ ಕಷ್ಟ ತಿಳಿಯುವುದಿಲ್ಲ. ಬಾಣಂತಿ ಐದು ತಿಂಗಳು ಹಳ್ಳ ದಾಟಬಾರದು. ಹೆತ್ತವಳಾದರೂ ಬೀಗರು ಕರೆಯದೆ ಮಗಳ ಮನೆಯ ಹೊಸ್ತಿಲು ತುಳಿಯಬಾರದು. ಹೀಗಾಗಿ ಇವಳು ಈಚೆ, ಅವಳು ಆಚೆ. ನಡುವೆ ಮೊಣಕಾಲುದ್ದ ನೀರು, ಅಷ್ಟೇ.

ದಿನವೂ ಹಳ್ಳ ದಾಟುತ್ತಿದ್ದವಳು ಮೊಸರು ಮಾರುವ ಬಸಲಿಂಗವ್ವ. ಅವಳೇ ಸುದ್ದಿ ತಂದಳು. ಬಾಳವ್ವನ ವಸಡಿನಲ್ಲಿ ರಕ್ತ, ಸಂಜೆಯಾದರೆ ಕಣ್ಣು ಮಂಜು, ಎದೆಯಲ್ಲಿ ಹಾಲು ಕಡಿಮೆ. ಅತ್ತೆ ಮಲ್ಕವ್ವ ಕೊಡುವುದು ಬಿಸಿ ಅನ್ನ, ಮೆಣಸಿನ ಸಾರು. ಸೊಪ್ಪು, ಕಾಯಿಪಲ್ಲೆ ತಂಪು, ಬಾಣಂತಿಗೆ ಆಗದು ಎಂದು ಅವಳ ನಂಬಿಕೆ. ಕೆಟ್ಟವಳಲ್ಲ ಮಲ್ಕವ್ವ. ತನಗೆ ಹೇಗೆ ಮಾಡಿದ್ದರೋ ಹಾಗೆ ಮಾಡುತ್ತಿದ್ದಳು. ಗೋದಿ ಮಾತ್ರ ಉಷ್ಣ, ಅದು ನಡೆಯುತ್ತದೆ ಎಂದಿದ್ದಳು.

ಗೋದಿ ನಡೆಯುತ್ತದೆ ಎಂಬ ಮಾತನ್ನೇ ಅಡಿವೆವ್ವ ಹಿಡಿದುಕೊಂಡಳಂತೆ. ರಾಜಗಿರಿ ಸೊಪ್ಪು ಹೆಚ್ಚಿದಳು, ಕೆಂಪು ಗಜ್ಜರಿ ಗಡ್ಡೆ ತುರಿದಳು, ಉಪ್ಪು ಬೆರೆಸಿದಳು. ಹೋಳಿಗೆಗೆ ಹೂರಣ ತುಂಬುವ ಹಾಗೆ ಕಣಕದೊಳಗೆ ತುಂಬಿ, ಬಾಯಿ ಮುಚ್ಚಿ, ಲಟ್ಟಿಸಿ, ಬೇಯಿಸಿ ಕಳಿಸಿದಳು.

ಮರುದಿನ ಬುತ್ತಿ ಹಾಗೇ ತಿರುಗಿ ಬಂತು. ಉಪ್ಪು ತಾಗಿದ ತರಕಾರಿ ನೀರು ಬಿಟ್ಟಿತ್ತು, ನೀರಿಗೆ ಕಣಕ ಹರಿದಿತ್ತು, ಹರಿದಲ್ಲಿ ಹಸಿರು ಇಣುಕಿತ್ತು. ಬಸಲಿಂಗವ್ವ ಮಲ್ಕವ್ವನ ದನಿಯಲ್ಲೇ ಹೇಳಿದಳಂತೆ:

“‘ನಮ್ಮನಿ ದನಕ್ಕ ಮೇವು ಕಡಿಮಿ ಆಗೇತಂತ ಬೀಗತಿಗೆ ಯಾರ ಹೇಳಿದ್ರು? ಸೊಪ್ಪು ಅವಕ್ಕ ಹಾಕ್ತೀವಿ, ಸೊಸಿಗಲ್ಲ’ ಅಂದ್ಲು. ಯವ್ವಾ, ಆಕಿದು ಕಣ್ಣಲ್ಲ, ಹಿಟ್ಟಿನ ಸಾಣಿಗಿ. ತೌಡಿನ ಚೂರೂ ದಾಟೂದಿಲ್ಲ.”

ಅಡಿವೆವ್ವ ಅಳಲಿಲ್ಲವಂತೆ. ಕುಳಿತು ಯೋಚಿಸಿದಳಂತೆ. ಈ ಸಲ ಉಪ್ಪು ಬೆರೆಸಿ ಅರ್ಧ ತಾಸು ಬಿಟ್ಟಳು. ಬಿಡುವ ನೀರನ್ನೆಲ್ಲ ಬಿಡಲಿ ಎಂದು. ಆಮೇಲೆ ಬಟ್ಟೆಯಲ್ಲಿ ಕಟ್ಟಿ ಹಿಂಡಿದಳು. ಹಿಂಡಿದ ನೀರನ್ನು ಚೆಲ್ಲಲಿಲ್ಲ, ಏಕೆಂದರೆ ಸತ್ವ ಇರುವುದೇ ಅದರಲ್ಲಿ. ಅದರಲ್ಲೇ ಹಿಟ್ಟು ನಾದಿದಳು. ಹಿಟ್ಟನ್ನು ಸಾಣಿಸಲೂ ಇಲ್ಲ. ಸಾಣಿಸಿದ ಬಿಳಿ ಹಿಟ್ಟಿನಲ್ಲಿ ಒಳಗಿನ ಬಣ್ಣ ಕಾಣುತ್ತದೆ, ತೌಡಿನ ಕಂದು ಚುಕ್ಕೆಗಳ ನಡುವೆ ಯಾವ ಬಣ್ಣವೂ ಅಡಗುತ್ತದೆ. ವಾಸನೆ ಮುಚ್ಚಲು ಅಜವಾನ ಹಾಕಿದಳು, ಅದು ಹೇಗೂ ಬಾಣಂತಿಗೆ ಒಳ್ಳೆಯದು. ಅಂಚು ತೆಳ್ಳಗೆ, ನಡುವೆ ದಪ್ಪಗೆ ತಟ್ಟಿ ತುಂಬಿದಳು. ಎಣ್ಣೆ ಸವರಿದ್ದು ಬೆರಳ ತುದಿಯಷ್ಟು. ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಬೇಯಿಸಿದಳು. ನೋಡಿದರೆ ಬರೀ ಚಪಾತಿ.

ಆ ಚಪಾತಿ ದಾಟಿತು. ಬಾಳವ್ವ ಒಂದು ತುತ್ತು ಬಾಯಿಗಿಟ್ಟಳಂತೆ, ಅಗಿಯುವುದನ್ನು ನಿಲ್ಲಿಸಿದಳಂತೆ. ಮತ್ತೆ ತಲೆ ತಗ್ಗಿಸಿ ಅಗಿದಳಂತೆ. ಬಸಲಿಂಗವ್ವ ಬಂದು ಅಷ್ಟನ್ನೇ ಹೇಳಿದಳು. ಅಡಿವೆವ್ವ ಅದನ್ನು ಮೂರು ಸಲ ಹೇಳಿಸಿಕೊಂಡಳು.

ಹೀಗೆ ಒಂದು ತಿಂಗಳು. ಒಂದು ದಿನ ಸೋರೆಕಾಯಿ, ಒಂದು ದಿನ ಗಜ್ಜರಿ, ಒಂದು ದಿನ ಸೊಪ್ಪು. ಬಾಳವ್ವನ ವಸಡು ಗಟ್ಟಿಯಾಯಿತು. ಸಂಜೆಗತ್ತಲಲ್ಲಿ ಅವಳು ಸೂಜಿಗೆ ದಾರ ಪೋಣಿಸಿದ್ದನ್ನು ಮಲ್ಕವ್ವ ಕಂಡಳು. ಏನೋ ಅನುಮಾನ ಬಂದು ಒಂದು ಚಪಾತಿ ಮುರಿದಳು. ಒಳಗೆ ಹಸಿರು, ಕೆಂಪು. ಮಲ್ಕವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳಂತೆ. ಐದು ಹೆತ್ತವಳು ಅವಳು. ಐದೂ ಬಾಣಂತನದಲ್ಲಿ ಅವಳ ವಸಡಿನಲ್ಲೂ ರಕ್ತ ಬಂದಿತ್ತು. ಹೆಣ್ಣಿನ ಬಾಳು ಅಂದರೆ ಇದೇ ಎಂದುಕೊಂಡಿದ್ದಳು. ಮುರಿದ ತುಂಡನ್ನು ತಾನೇ ತಿಂದಳು.

“ನಮ್ಮವ್ವಗ ಇದು ಗೊತ್ತಿರಲಿಲ್ಲಲ್ಲ,” ಅಂದಳಂತೆ.

ಮರುದಿನವೇ ಕರೆ ಬಂತು.

ಅಡಿವೆವ್ವ ಬುತ್ತಿ ಹೊತ್ತು ಇಳಿಹೊತ್ತಿಗೆ ಹಳ್ಳ ದಾಟಿದಳು. ಮಗಳ ಮುಖ ನೋಡಿ ಹದಿಮೂರು ತಿಂಗಳಾಗಿತ್ತು. ಹೋದರೆ ಬಾಳವ್ವ ನಿದ್ದೆಯಲ್ಲಿದ್ದಳು. ಮಲ್ಕವ್ವ ಎಬ್ಬಿಸಲು ಬಗ್ಗಿದಳು. ಅಡಿವೆವ್ವ ಅವಳ ಕೈ ಹಿಡಿದಳು.

“ಬ್ಯಾಡ ಬೀಗತಿ. ಹೊಟ್ಟಿ ತುಂಬಿದ ನಿದ್ದಿ ಅದು. ಮಲಗಲಿ.”

ಕೂಸು ಅತ್ತರೆ ಎತ್ತಿಕೊಂಡು ಆಡಿಸಿದಳು. ಮಗಳ ಹಣೆಯ ಕೂದಲು ಸರಿಸಬೇಕು ಅನ್ನಿಸಿತು, ಎಚ್ಚರವಾದೀತೆಂದು ಕೈ ಹಿಂದೆಗೆದಳು. ಉಸಿರಾಡುವುದನ್ನೇ ನೋಡುತ್ತ ಕೂತಳು. ಹೊತ್ತು ಮುಳುಗಿತು. ಮಲ್ಕವ್ವ ರೂಢಿಯಂತೆ ದೀಪ ಹಚ್ಚಿದಳು.

ದೀಪ ಹಚ್ಚಿದ ಮೇಲೆ ಹೆತ್ತವರು ಮಗಳ ಮನೆಯಲ್ಲಿ ಇರಬಾರದು. ಇದ್ದರೆ ಆ ಮನೆಯ ಲಕ್ಷ್ಮಿ ತವರಿನ ಕಡೆ ಮುಖ ಮಾಡುತ್ತಾಳೆ ಎಂದು ಆಗಿನ ನಂಬಿಕೆ. ಮಗಳ ಮನೆಗೆ ಕೇಡಾಗಬಾರದು ಎಂದು ಅಡಿವೆವ್ವ ಬುತ್ತಿಯನ್ನು ತಲೆದಿಂಬಿನ ಬದಿಗಿಟ್ಟು ಎದ್ದುಬಿಟ್ಟಳು.

ಅವಳು ಹಳ್ಳದ ಈಚೆ ಮುಟ್ಟುವ ಹೊತ್ತಿಗೆ ಬಾಳವ್ವ ಎದ್ದಳಂತೆ. ಬುತ್ತಿಯ ಬಟ್ಟೆ ನೋಡಿದಳು.

“ಅತ್ತಿ, ನಮ್ಮವ್ವ ಬಂದಿದ್ಲೇನು?”

“ನಾಳಿ ಮತ್ತ ಕರಸ್ತೀನಿ, ಬಾಳವ್ವಾ,” ಅಂದಳು ಮಲ್ಕವ್ವ.

ಅವತ್ತೇ ಮೇಲೆಲ್ಲೋ ಮಳೆಯಾಯಿತು. ಬೆಳಗಾಗುವಷ್ಟರಲ್ಲಿ ಹಳ್ಳ ತುಂಬಿತ್ತು. ಇಳಿಯಲು ಹನ್ನೊಂದು ದಿನ ಬೇಕಾಯಿತು. ಹನ್ನೊಂದೂ ದಿನ ಅಡಿವೆವ್ವ ಮಳೆಯಲ್ಲಿ ದಂಡೆಗೆ ಬಂದು ನಿಂತಿದ್ದಳಂತೆ. ಆಚೆ ಒಬ್ಬ ಹೆಂಗಸು ಕೂಸನ್ನೆತ್ತಿ ತೋರಿಸಿದಳು ಅನ್ನುವವರಿದ್ದಾರೆ, ಮಂಜಿನಲ್ಲಿ ಏನೂ ಕಾಣಲಿಲ್ಲ ಅನ್ನುವವರೂ ಇದ್ದಾರೆ. ನೀರು ಇಳಿದಾಗ ಅಡಿವೆವ್ವ ಬದುಕಿರಲಿಲ್ಲ. ಜ್ವರ ಅಂದರು.

ಈಗ ಆ ಎರಡೂ ಊರಲ್ಲಿ ಹೆತ್ತವಳು ಕರೆಗೆ ಕಾಯುವುದಿಲ್ಲ. ಕೂಸು ಹುಟ್ಟಿದ ಮೂರನೇ ದಿನ ಚಪಾತಿಯ ಬುತ್ತಿ ಹೊತ್ತು ತಾನೇ ಹೋಗುತ್ತಾಳೆ. ಮಗಳು ಮಲಗಿದ್ದರೆ ಯಾರೂ ಎಬ್ಬಿಸುವುದಿಲ್ಲ. ಹೊತ್ತು ಮುಳುಗಲಿ, ಕತ್ತಲಾಗಲಿ, ಮನೆಮಂದಿಯೆಲ್ಲ ತಡವರಿಸುತ್ತ ಓಡಾಡಲಿ, ಮಗಳು ತಾನಾಗಿ ಕಣ್ಣು ಬಿಟ್ಟು ಅವ್ವನ ಕೈಯಿಂದ ಮೊದಲ ತುತ್ತು ತಿನ್ನುವವರೆಗೆ ಅತ್ತೆಯಾದವಳು ದೀಪ ಹಚ್ಚುವುದಿಲ್ಲ.