ಮೋಟಾರಿನ ಪಾದಪೂಜೆ

ಗಂಗೊಳ್ಳಿಯ ಉಪೇಂದ್ರ ಶೇಟರು ದಿನಾ ಬೆಳಿಗ್ಗೆ ತಮ್ಮ ದೋಣಿಯ ಮೋಟಾರಿನ ನೆತ್ತಿಗೆ ಒಂದು ತಂಬಿಗೆ ತೀರ್ಥ ಸುರಿಯುತ್ತಿದ್ದರು. ನೀರು ಒಳಗಿಳಿದು, ಕಿಡಿ ಹೊತ್ತಿಸುವ ಪ್ಲಗ್ಗಿನ ಸುತ್ತ ನಿಂತು, ಮೋಟಾರು ಕೆಮ್ಮಿ ಸುಮ್ಮನಾಗುತ್ತಿತ್ತು.

“ನಿನ್ನ ಕೈಗುಣ ಸರಿಯಿಲ್ಲ. ನಾಳೆ ಎರಡು ತಂಬಿಗೆ ಹಾಕ್ತೇನೆ. ಆಗ್ಲೂ ಹೊರಡದಿದ್ರೆ ಬೇರೆಯವ್ನನ್ನ ಇಡ್ತೇನೆ,” ಎಂದು ಒಂದು ದಿನ ದೋಣಿ ಓಡಿಸುವ ತಿಮ್ಮ ಖಾರ್ವಿಗೆ ಗದರಿದರು.

ಶೇಟರೆದುರು ತೀರ್ಥ ಬೇಡವೆಂದರೆ ದೇವರೇ ಬೇಡವೆಂದಂತೆ. ತಿಮ್ಮ ಮರುದಿನ ಬೇಗ ಬಂದು ಪ್ಲಗ್ ಒರೆಸಿ, ಒಣಗಿಸಿ ಕೂರಿಸಿದ. ಶೇಟರು ಬಂದೊಡನೆ ಕೈಮುಗಿದ.

“ಒಡೆಯರೇ, ದೊಡ್ಡವರು ಮನೆಗೆ ಬಂದ್ರೆ ಕಾಲಿಗೆ ನೀರು ಕೊಡ್ತೇವೆ. ತಲೆಗೆ ಸುರಿದ್ರೆ ಸಿಟ್ಟು ಬರುದಿಲ್ವಾ?”

ಶೇಟರು ಹೌದೆಂದು ತಲೆದೂಗಿದರು. ಆಮೇಲೆ ಬಗ್ಗಿ, ಮೋಟಾರಿನ ತಳದಲ್ಲಿ ನೀರೊಳಗೆ ತಿರುಗುವ ಫ್ಯಾನಿಗೆ ಎರಡೂ ತಂಬಿಗೆ ಸುರಿದರು. ತಿಮ್ಮ ಫ್ಯಾನನ್ನು ನೀರಿಗಿಳಿಸಿ ಮೋಟಾರು ಚಾಲೂ ಮಾಡುವ ಹಗ್ಗ ಎಳೆದ. ಮೋಟಾರು ಗುಡುಗಿತು.

“ನೋಡಿದ್ಯಾ ಪಾದಪೂಜೆಯ ಮಹಿಮೆ!” ಎಂದರು ಶೇಟರು.

“ಹೌದು ಒಡೆಯರೇ. ಇನ್ನು ಸಂಜೆವರೆಗೆ ಆ ಪೂಜೆ ಕಡಲೇ ಮಾಡ್ತದೆ,” ಎಂದ ತಿಮ್ಮ.