ಹೊಲದಲ್ಲಿ ಬಿಟ್ಟು ಬಂದ ದನಿ

"ಗುರುಗಳೇ, ಗೋಡೆಯ ಮೇಲೆ ನನ್ನ ಪಾಠ ನನಗಿಂತ ಚೆನ್ನಾಗಿ ನಡೆಯುವಾಗ ನಾನು ಯಾಕೆ ಅಲ್ಲಿ ನಿಂತು ಕಾಲು ನೋಯಿಸಿಕೊಳ್ಳಬೇಕು?"

ಹೀಗೆ ಕೇಳಿದವನು ಮೈಲಾರಿ. ಮೇಷ್ಟ್ರಾಗಲು ಓದುತ್ತಿದ್ದ ಹಳ್ಳಿಯ ಹುಡುಗ. ಕಂಚಿನ ಕಂಠ. ಚಿತ್ರ, ಸದ್ದು, ಮಾತು ಮೂರನ್ನೂ ಕಂಪ್ಯೂಟರಿನಲ್ಲಿ ಹೊಸೆದು ಪಾಠ ಕಟ್ಟಬಲ್ಲವನು ತನ್ನ ತಂಡದಲ್ಲಿ ತಾನೊಬ್ಬನೇ ಎಂಬುದು ಅವನಿಗೆ ಗೊತ್ತಿತ್ತು. ಉಳಿದವರು ಮರೆಯದಿರಲಿ ಎಂದು ಆಗಾಗ ಹೇಳುತ್ತಲೂ ಇದ್ದ.

ಅಂದು ಅವನ ಪರೀಕ್ಷೆಯ ಪಾಠ. ಏಳನೆಯ ತರಗತಿಯ ಮಕ್ಕಳಿಗೆ ಗ್ರಹಣದ ಪಾಠ. ಇವನು ಮೇಷ್ಟ್ರಾಗಬಹುದು ಅಥವಾ ಆಗಬಾರದು ಎಂದು ಹೇಳಬೇಕಾದವರು ಕೊಟ್ರಯ್ಯನವರು, ಅವನ ಗುರುಗಳು. ಅವರು ಬಂದರು, ಆದರೆ ತರಗತಿಯೊಳಗೆ ಬರಲಿಲ್ಲ. ಕಿಟಕಿಯಾಚೆ ಹೊಂಗೆ ಮರದ ಕಟ್ಟೆಯ ಮೇಲೆ ಕುಳಿತು, "ಇಲ್ಲಿಂದಲೇ ಕೇಳುತ್ತೇನೆ, ಶುರು ಮಾಡು" ಎಂದರು.

ಮೈಲಾರಿ ಬಾಗಿಲು ಕಿಟಕಿ ಮುಚ್ಚಿ ಕತ್ತಲು ಮಾಡಿದ. ಗೋಡೆಯ ಮೇಲೆ ಸೂರ್ಯನನ್ನು ಹುಟ್ಟಿಸಿದ. ತಾನು ಮೊದಲೇ ಮುದ್ರಿಸಿಟ್ಟ ತನ್ನ ದನಿಯನ್ನು ಹಚ್ಚಿದ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡತೊಡಗಿದರು. ಆಗ ಅವನು ಮೆಲ್ಲಗೆ ಹೊರಗೆ ಬಂದು ಗುರುಗಳ ಪಕ್ಕದಲ್ಲಿ ಕುಳಿತ. ಕುಳಿತವನೇ ಆ ಪ್ರಶ್ನೆ ಕೇಳಿದ.

ಹೊರಗೆ ಮೈಲಾರಿ ಕುಳಿತಿದ್ದ. ಒಳಗಿನಿಂದ ಮೈಲಾರಿಯ ದನಿ ಬರುತ್ತಿತ್ತು.

"ಇಲ್ಲಿ ನಿಮ್ಮ ಹತ್ತಿರ ಮಾತಾಡುತ್ತಿದ್ದೇನೆ, ಅಲ್ಲಿ ಪಾಠವನ್ನೂ ಮಾಡುತ್ತಿದ್ದೇನೆ" ಎಂದ ಅವನು. "ಮಕ್ಕಳು ಎಲ್ಲೆಲ್ಲಿ ಬಾಯಿ ತೆರೆಯುತ್ತಾರೆ ಅಂತ ನನಗೆ ಗೊತ್ತು. ಅಲ್ಲಲ್ಲಿ ಜಾಗ ಬಿಟ್ಟಿದ್ದೇನೆ. ಕೇಳಿ ಬೇಕಾದರೆ."

"ಅರ್ಥವಾಯಿತೇ, ಮಕ್ಕಳೇ?" ಎಂದಿತು ಒಳಗಿನ ದನಿ.

"ಆಯ್ತು ಸಾರ್" ಎಂದಿತು ತರಗತಿ.

"ಶಭಾಷ್!" ಎಂದಿತು ಗೋಡೆ.

ಹೊರಗಿನ ಮೈಲಾರಿ ಮೀಸೆ ತೀಡಿದ.

ಗುರುಗಳು ಅವನ ಕಡೆ ತಿರುಗಿದರು. "ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಒಂದು ಕತೆಯಿದೆ. ನಿನ್ನ ಪಾಠ ಮುಗಿಯುವುದರೊಳಗೆ ಮುಗಿಯುತ್ತದೆ" ಎಂದು ಹೇಳತೊಡಗಿದರು.

ಒಬ್ಬ ರೈತನಿದ್ದ. ಊರಿಗೇ ದೊಡ್ಡ ದನಿ ಅವನದು. ಜೋಳ ತೆನೆಗಟ್ಟಿದ ಕಾಲದಲ್ಲಿ ಅವನು ಅಟ್ಟಣೆ ಹತ್ತಿ ಒಂದು ಕೂಗು ಹಾಕಿದರೆ ಗಿಳಿಯ ಹಿಂಡು ಪಕ್ಕದೂರಿನ ಎಲ್ಲೆ ದಾಟುತ್ತಿತ್ತು. ಬೇರೆಯವರು ಕವಣೆ ಬೀಸಿ ತೋಳು ನೋಯಿಸಿಕೊಳ್ಳುವಾಗ ಅವನು ನಗುತ್ತಿದ್ದ. ಅವನಿಗೆ ಬಾಯೇ ಕವಣೆ.

ಮನೆಯಲ್ಲೂ ಅದೇ ಬಾಯಿ. ಅವನು ಮಾತಿಗೆ ತೊಡಗಿದರೆ ಇನ್ನೊಬ್ಬರ ಮಾತಿಗೆ ಜಾಗವಿರುತ್ತಿರಲಿಲ್ಲ. ಹೆಂಡತಿ ಏನೋ ಕೇಳುತ್ತಿದ್ದಳು, ಅವನು ಅದರ ಮೇಲೆಯೇ ತನ್ನ ಮಾತು ಹೇರುತ್ತಿದ್ದ. ಅವಳು ಒಲೆಯ ಕಡೆ ತಿರುಗಿ ಉಳಿದರ್ಧವನ್ನು ಒಲೆಗೆ ಹೇಳುತ್ತಿದ್ದಳು.

ಒಂದು ವರ್ಷ ಅವನು ಪೇಟೆಯಿಂದ ಸ್ಪೀಕರ್ ತಂದ. ಅದರಲ್ಲಿ ತನ್ನ ಕೂಗನ್ನು ತುಂಬಿದ. "ಹೋಯ್! ಹೋಯ್! ಯಾರದು ಅಲ್ಲಿ? ಬಂದೆ, ಬಂದೆ! ನಿಲ್ಲು!" ಹೊಲದ ನಡುವೆ ಬಿದಿರ ಗಳ ನೆಟ್ಟು ಅದರ ತುದಿಗೆ ಕಟ್ಟಿದ. ಅದು ಒಮ್ಮೆ ಕೂಗುವುದು, ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಲ್ಲುವುದು, ಮತ್ತೆ ಕೂಗುವುದು.

"ಕೈ ಕೆಸರಾಗದೆ ಬಾಯಿ ಮೊಸರಾಗುವ ಕಾಲ ಬಂತು ಕಣೇ" ಎಂದ ಹೆಂಡತಿಗೆ.

"ಬರಲಿ. ಆದರೆ ಅದಕ್ಕೆ ಕೂಗುವುದಷ್ಟೇ ಗೊತ್ತು. ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡುತ್ತದೆಯೇ?"

"ನಾನು ಯಾವಾಗ ಕೊಟ್ಟಿದ್ದೆ?" ಎಂದು ರೈತ ಹೊಟ್ಟೆ ಹಿಡಿದು ನಕ್ಕ.

ಗಿಳಿಗಳು ಹೆದರಿ ಓಡಿದವು. ರೈತ ಜಗಲಿ ಬಿಟ್ಟು ಏಳಲಿಲ್ಲ. ಎಲೆಅಡಿಕೆ ಜಗಿಯುತ್ತ ದೂರದ ಹೊಲದಲ್ಲಿ ತಾನು ಕೂಗುವುದನ್ನು ತಾನೇ ಕೇಳುತ್ತಿದ್ದ. ದಾರಿಹೋಕರು ಜೋಳದ ಕಡೆ ತಿರುಗಿ, "ಏನಣ್ಣಾ, ಊಟ ಆಯ್ತಾ?" ಎನ್ನುತ್ತಿದ್ದರು. ಜೋಳ "ಬಂದೆ, ಬಂದೆ!" ಎನ್ನುತ್ತಿತ್ತು. ಅವರು ನಗುತ್ತ ಮುಂದೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ರೈತ ಜಗಲಿಯಲ್ಲಿ ತೂಕಡಿಸುತ್ತಿದ್ದ. ಹೊಲದ ಕಡೆಯಿಂದ "ಯಾರದು ಅಲ್ಲಿ?" ಎಂದು ಕೇಳಿತು. ಅವನು ಬೆಚ್ಚಿ ಎದ್ದು, "ನಾನೇ" ಎಂದ. ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿ ಮತ್ತೆ ಮಲಗಿದ.

ಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಒಂದು ಬೆಳಿಗ್ಗೆ ಬೆಳೆ ನೋಡಿಬರೋಣವೆಂದು ರೈತ ಹೊಲಕ್ಕೆ ಹೋದ. ಮಂಜು ದಟ್ಟವಾಗಿತ್ತು. ಜೋಳ ಆಳೆತ್ತರ ಮೀರಿತ್ತು. ದನಿಯ ಜಾಡು ಹಿಡಿದು ಒಳಗೆ ನುಗ್ಗಿ, ತಲೆಯೆತ್ತಿ ನೋಡಿದ. ಗಿಳಿಗಳು ಸ್ಪೀಕರಿನ ಮೇಲೆಯೇ ಸಾಲಾಗಿ ಕುಳಿತಿದ್ದವು. ಅದು "ಬಂದೆ, ಬಂದೆ!" ಎಂದು ಅಬ್ಬರಿಸಿತು. ಒಂದು ಗಿಳಿ ಕತ್ತು ಕೆರೆದುಕೊಂಡಿತು. ಅಷ್ಟೇ. ಕೆಳಗೆ ಬರಿದಾದ ತೆನೆಗಳು ಮಂಜಿನಲ್ಲಿ ಅಲುಗುತ್ತಿದ್ದವು.

ರೈತನಿಗೆ ಮೈಯೆಲ್ಲ ಉರಿಯಿತು. ಗಿಳಿಗಳಿಗೆ ಎಸೆಯಲು ಹೆಂಟೆ ಹುಡುಕಲೆಂದು ಬದುವಿನ ಕಡೆ ಓಡಿದ. ಆ ಮೂಲೆಯಲ್ಲಿ ಕಟ್ಟೆಯಿಲ್ಲದ ಒಂದು ಹಾಳುಬಾವಿಯಿತ್ತು. ದಿನವೂ ಹೊಲ ತಿರುಗುತ್ತಿದ್ದ ಕಾಲದಲ್ಲಿ ಅವನ ಕಾಲಿಗೆ ಅದರ ಅಂಚು ಗೊತ್ತಿತ್ತು. ಈಗ ಅಂಚಿಗೆ ಹುಲ್ಲು ಬೆಳೆದಿತ್ತು, ಕಾಲಿಗೂ ಮರೆತಿತ್ತು. ಅವನು ಬಿದ್ದ.

ನೀರಿರಲಿಲ್ಲ, ಹೂಳಿತ್ತು. ಜೀವ ಉಳಿಯಿತು, ಕಾಲು ಮುರಿಯಿತು. ಅವನು ಬಾಯಿ ತೆರೆದು ಕೂಗಿದ. "ಹೋಯ್! ಯಾರಿದ್ದೀರಿ? ಬನ್ನಿ!"

ಮೇಲಿನಿಂದ ಉತ್ತರ ಬಂತು. "ಬಂದೆ, ಬಂದೆ! ನಿಲ್ಲು!"

ಹಿಡಿಯಷ್ಟಾಗಿದ್ದ ಅವನ ಜೀವ ಸ್ವಸ್ಥಾನಕ್ಕೆ ಬಂತು. ಕಾದ. ಯಾರೂ ಬರಲಿಲ್ಲ. ಮತ್ತೆ ಕೂಗಿದ. ಮತ್ತೆ "ಬಂದೆ" ಎಂಬ ಉತ್ತರ ಬಂತು. ಬಾವಿಯ ಬಾಯಲ್ಲಿ ಬಿಳಿಯ ಮಂಜು ಬಿಟ್ಟರೆ ಬೇರೇನೂ ಕಾಣಲಿಲ್ಲ. ಆಮೇಲೆ ಅವನಿಗೆ ಆ ದನಿ ಯಾರದೆಂದು ತಿಳಿಯಿತು.

ಬಂಡಿಯ ಗೆಜ್ಜೆ ಸದ್ದು ಹತ್ತಿರ ಬಂತು. ಅವನು ಎದೆ ಬಿರಿಯುವಂತೆ ಕೂಗಿದ. "ಏ, ಇವತ್ತು ಅಣ್ಣನ ಸ್ಪೀಕರಿಗೆ ಎರಡು ಬಾಯಿ ಬಂದಾವಲ್ಲೋ!" ಎಂದು ಬಂಡಿಯವರು ನಕ್ಕರು. ಗೆಜ್ಜೆ ಸದ್ದು ದೂರವಾಯಿತು.

ಕೂಗಿ ಕೂಗಿ ಅವನ ಮಾತು ಸವೆಯಿತು. "ಬನ್ನಿ" ಹೋಯಿತು, "ಯಾರಿದ್ದೀರಿ" ಹೋಯಿತು. "ಹೋಯ್" ಒಂದೇ ಉಳಿಯಿತು. ಗಳದ ಮೇಲಿನ ದನಿ "ಹೋಯ್" ಎಂದಾಗ ಅವನೂ ಬಾವಿಯಿಂದ "ಹೋಯ್" ಎನ್ನುತ್ತಿದ್ದ. ತನಗೆ ತಾನೇ ತಾಳ ಹಾಕುತ್ತಿರುವುದು ಅವನಿಗೂ ತಿಳಿಯುತ್ತಿರಲಿಲ್ಲ.

ಹೊತ್ತೇರಿದರೂ ಗಂಡ ಬರಲಿಲ್ಲವೆಂದು ಹೆಂಡತಿ ಹುಡುಕಿಕೊಂಡು ಬಂದಳು. ಮಂಜು ಇನ್ನೂ ಎದ್ದಿರಲಿಲ್ಲ. ಬದುವಿನ ಮೇಲೆ ನಿಂತು, "ರೀ, ಎಲ್ಲಿದ್ದೀರೀ?" ಎಂದು ಕೂಗಿದಳು. ಗಳದಿಂದ ಗಂಡನ ದನಿ ಬಂತು. ನೆಲದೊಳಗಿಂದ ಅದೇ ದನಿ ಬಂತು. ಹಾಳುಬಾವಿ ಗಳದ ದನಿಗೆ ಮಾರ್ದನಿ ಕೊಡುತ್ತಿರಬೇಕು ಎಂದು ಅವಳಿಗನಿಸಿತು. ಅವಳು ಮತ್ತೆ ಕೂಗಿದಳು. ಎರಡು ದನಿಗಳೂ ಅವಳ ಕೂಗಿನ ಮೇಲೆಯೇ ಹಾಯ್ದು ಹೋದವು. ಇಲ್ಲಿ ಮನುಷ್ಯರು ಯಾರೂ ಇಲ್ಲ ಎಂದುಕೊಂಡಳು. ಸೆರಗು ಬಿಗಿದುಕೊಂಡು ಮನೆಯ ಕಡೆ ತಿರುಗಿದಳು.

ರೈತ ಉಸಿರು ಎಳೆದುಕೊಳ್ಳುತ್ತಿದ್ದ. ಆ ಸಂದಿನಲ್ಲಿ ಅವಳ ಕೂಗಿನ ಬಾಲವೊಂದು ಅವನ ಕಿವಿಗೆ ಬಿತ್ತು. ಅವಳು ಬಂದಿದ್ದಾಳೆ. ಆಗಲೇ ಕರೆದಿದ್ದಾಳೆ. ತಾನು ಅದರ ಮೇಲೆ ಕೂಗುತ್ತಿದ್ದೆ. ಮತ್ತೊಂದು ಕೂಗಿಗೆ ಅವನ ಬಾಯಿ ತೆರೆದೇ ಇತ್ತು. ಅವನು ಅದನ್ನು ಮುಚ್ಚಿದ. ಬದುಕಿನಲ್ಲಿ ಅದೇ ಮೊದಲು. ತನ್ನ ಬಾಯಿಗೆ ತನ್ನ ಕೈಯನ್ನೇ ಒತ್ತಿ ಹಿಡಿಯಬೇಕಾಯಿತು.

ಗಳದ ಮೇಲಿನ ದನಿ "ಹೋಯ್!" ಎಂದಿತು. ಬಾವಿ ಸುಮ್ಮನಿತ್ತು.

ಹೆಂಡತಿ ನಾಲ್ಕು ಹೆಜ್ಜೆ ಹೋದವಳು ನಿಂತಳು. ದನಿ ಇದೆ, ಮಾರ್ದನಿ ಇಲ್ಲ. ಅದು ಬರೀ ಮಾರ್ದನಿಯಾಗಿದ್ದರೆ ಹೀಗೆ ನಿಲ್ಲುತ್ತಿರಲಿಲ್ಲ. ಅವಳು ಹಿಂದಕ್ಕೆ ಬಂದು, ಹುಲ್ಲು ಸರಿಸಿ, ಬಾವಿಯ ಅಂಚಿನಲ್ಲಿ ಮೊಳಕಾಲೂರಿ, ಮೆಲ್ಲಗೆ ಕೇಳಿದಳು. "ರೀ?"

"ಇಲ್ಲಿದ್ದೇನೆ ಕಣೇ" ಎಂದಿತು ಬಾವಿ.

ಊರವರು ಹಗ್ಗ ತಂದು ಎತ್ತಿದರು. ಹೊರಸಿನ ಮೇಲೆ ಹೊತ್ತುಕೊಂಡು ಹೋಗುವಾಗ ರೈತ ಹೆಂಡತಿಯ ಕೈ ಹಿಡಿದು ಕೇಳಿದ. "ನಾನಿದ್ದೇನೆ ಅಂತ ನಿನಗೆ ಹೇಗೆ ತಿಳಿಯಿತು?"

"ನೀವು ಸುಮ್ಮನಾದಿರಲ್ಲ" ಎಂದಳು ಅವಳು.

ಅವರು ಊರು ಮುಟ್ಟುವವರೆಗೂ ಹಿಂದಿನಿಂದ, ಮಂಜಿನೊಳಗಿಂದ, ಹೊರಸಿನ ಮೇಲೆ ಮಲಗಿದ್ದವನ ದನಿ ಕೂಗುತ್ತಲೇ ಇತ್ತು. "ಬಂದೆ, ಬಂದೆ! ನಿಲ್ಲು!"

ಗುರುಗಳು ಕತೆ ನಿಲ್ಲಿಸಿದರು.

ಮೈಲಾರಿ ತೋಳಿನ ಮೇಲೆ ಎದ್ದಿದ್ದ ರೋಮವನ್ನು ಮೆಲ್ಲಗೆ ಸವರಿಕೊಂಡು, ಜೋರಾಗಿ ನಕ್ಕ. "ಕತೆ ಚೆನ್ನಾಗಿದೆ ಗುರುಗಳೇ. ಆದರೆ ಆ ರೈತ ದಡ್ಡ. ಅವನಿಗೆ ಮುದ್ರಿಸಲು ಬರಲಿಲ್ಲ. ನಾನು ಕಟ್ಟಿದ ಪಾಠದ ಮೇಲೆ ಒಂದು ಗಿಳಿಯಾದರೂ ಕೂರಲಿ, ನೋಡೋಣ!" ಎಂದು ಮತ್ತೆ ಮೀಸೆ ತೀಡತೊಡಗಿದ.

ಆಗ ಮುಚ್ಚಿದ ಕಿಟಕಿಯಾಚೆ ಅವನದೇ ದನಿ ಕೇಳಿತು. "ಅರ್ಥವಾಯಿತೇ, ಮಕ್ಕಳೇ?"

"ಆಯ್ತು ಸಾರ್" ಎಂದಿತು ತರಗತಿ. ಅದರ ಹಿಂದೆಯೇ, ಕತ್ತಲಲ್ಲಿ, ಒಂದು ಸಣ್ಣ ದನಿ ಎದ್ದಿತು. ಹುಡುಗಿಯದು. "ಸಾರ್, ನನಗೆ ಆಗಲಿಲ್ಲ."

"ಶಭಾಷ್!" ಎಂದಿತು ಗೋಡೆ.

ಯಾರೋ ಕಿಸಕ್ಕನೆ ನಕ್ಕರು. "ಸಾರ್... ಎಲ್ಲಿದ್ದೀರಿ ಸಾರ್?" ಎಂದು ಆ ಸಣ್ಣ ದನಿ ಮತ್ತೆ ಕೇಳಿತು. ಮೈಲಾರಿಯ ದೊಡ್ಡ ದನಿ ಅದರ ಮೇಲೆ ಹಾಯ್ದು ಚಂದ್ರನ ನೆರಳಿನ ಮಾತಿಗೆ ಹೋಯಿತು.

ಮೀಸೆಯ ಮೇಲಿದ್ದ ಮೈಲಾರಿಯ ಕೈ ಅಲ್ಲೇ ನಿಂತಿತು.

"ಅದಕ್ಕೆ ಸುಮ್ಮನಾಗಲು ಬರುವುದಿಲ್ಲ, ಮೈಲಾರಿ" ಎಂದರು ಗುರುಗಳು. "ನಿನಗೆ?"