ಗೆರೆಯಿಲ್ಲದ ಬೆರಳು

"ಗುರುಗಳೇ, ಯಂತ್ರ ಸುಳ್ಳು ಹೇಳುವುದಿಲ್ಲ, ಯಾರ ಮುಲಾಜನ್ನೂ ನೋಡುವುದಿಲ್ಲ. ಹಾಗಿದ್ದ ಮೇಲೆ ಕಾರ್ಖಾನೆ ನಡೆಸುವವನು ಮನುಷ್ಯರ ಮಾತಿಗಿಂತ ಯಂತ್ರದ ಮಾತನ್ನು ನಂಬುವುದೇ ನ್ಯಾಯವಲ್ಲವೇ?" ಎಂದು ಶಿಷ್ಯ ಕೇಳಿದ.

ಮರುದಿನ ಅವನು ಊರಿಗೆ ಹೋಗಿ ತಂದೆಯ ಕಾರ್ಖಾನೆಯನ್ನು ವಹಿಸಿಕೊಳ್ಳುವವನಿದ್ದ. ಕಾರ್ಖಾನೆಯ ಬಾಗಿಲಿಗೆ ಬೇಕಾದ ಹಾಜರಿ ಯಂತ್ರಗಳನ್ನು ಆಗಲೇ ಗೊತ್ತುಮಾಡಿಯಾಗಿತ್ತು. ಹಾಗಾಗಿ ಅದು ಪ್ರಶ್ನೆಯ ರೂಪದಲ್ಲಿ ಕೇಳಿದ ಆಶೀರ್ವಾದ.

ಗುರು ಆಶೀರ್ವಾದ ಮಾಡಲಿಲ್ಲ. ಒಂದು ಕತೆ ಹೇಳಿದರು.

ಕರಾವಳಿಯಲ್ಲಿ ಒಬ್ಬ ವ್ಯಾಪಾರಿಗೆ ಗೇರುಬೀಜದ ಕಾರ್ಖಾನೆಯಿತ್ತು. ಇನ್ನೂರು ಹೆಂಗಸರು ಸಾಲಾಗಿ ಕುಳಿತು ಬೀಜ ಒಡೆಯುತ್ತಿದ್ದರು. ಗೇರುಬೀಜದ ಸಿಪ್ಪೆಯಲ್ಲಿ ಸೊನೆ ಇರುತ್ತದೆ. ಅದು ತಾಗಿದ ಚರ್ಮ ಸುಡುತ್ತದೆ, ಕಪ್ಪಾಗುತ್ತದೆ, ಸುಲಿಯುತ್ತದೆ. ಅದಕ್ಕಾಗಿ ಹೆಂಗಸರು ಕೈಗೆ ಎಣ್ಣೆ ಸವರಿ, ಬೂದಿ ಹಚ್ಚಿ ಕುಳಿತುಕೊಳ್ಳುತ್ತಿದ್ದರು. ಇದನ್ನು ಅವರಿಗೆ ಯಾವ ವ್ಯಾಪಾರಿಯೂ ಕಲಿಸಿದ್ದಲ್ಲ.

ಅವರಲ್ಲಿ ಒಬ್ಬ ಹೆಂಗಸು ಇಪ್ಪತ್ತೆಂಟು ವರ್ಷದಿಂದ ಅದೇ ಮಣೆಯ ಮೇಲೆ ಕುಳಿತಿದ್ದಳು. ಅವಳು ಒಡೆದರೆ ಒಂದೇ ಏಟಿಗೆ ತಿರುಳು ಇಡಿಯಾಗಿ ಹೊರಬರುತ್ತಿತ್ತು. ಹೊರದೇಶಕ್ಕೆ ಹೋಗುವುದು ಇಡೀ ತಿರುಳು. ಒಡಕು ತಿರುಳು ಊರಿನ ಮಿಠಾಯಿ ಅಂಗಡಿಗೆ ಹೋಗುತ್ತದೆ.

ವ್ಯಾಪಾರಿಗೆ ಒಂದು ದಿನ ಕಾರ್ಖಾನೆಯನ್ನು ಆಧುನಿಕ ಮಾಡಬೇಕೆಂದು ತೋರಿತು. ಬಾಗಿಲಿಗೆ ಬೆರಳಚ್ಚಿನ ಯಂತ್ರ ಹಾಕಿಸಿದ. ಹೆಬ್ಬೆರಳು ಒತ್ತಿದರೆ ಬಂದಂತೆ, ಒತ್ತದಿದ್ದರೆ ಬರದಂತೆ. ಏಳು ದಿನ ಬೆರಳು ಸಿಗದಿದ್ದರೆ ಕೆಲಸದವಳ ಹೆಸರು ತಾನಾಗಿಯೇ ಅಳಿಸಿಹೋಗುತ್ತದೆ. ಅದನ್ನು ಯಾರೂ ಅಳಿಸಬೇಕಾಗಿಲ್ಲ, ಯಾರೂ ಅವಳ ಮುಖ ನೋಡಬೇಕಾಗಿಲ್ಲ. ಯಂತ್ರ ಮಾರಿದವನು ಇದನ್ನು ದೊಡ್ಡ ಸೌಕರ್ಯವೆಂದು ಬಣ್ಣಿಸಿದ. ವ್ಯಾಪಾರಿಗೂ ಹಾಗೆಯೇ ಕಂಡಿತು. ತನ್ನ ಸ್ವಂತ ಕೋಣೆಯ ಬಾಗಿಲಿಗೂ ಅಂಥದೇ ಒಂದನ್ನು ಹಾಕಿಸಿಕೊಂಡ.

ಮೊದಲ ದಿನವೇ ತೊಂದರೆ ಶುರುವಾಯಿತು. ಎಣ್ಣೆಯ ಬೆರಳುಗಳಿಂದ ಯಂತ್ರದ ಗಾಜು ಜಿಡ್ಡಾಯಿತು. ಯಂತ್ರ ಮೂರು ನಾಲ್ಕು ಸಲ ಒತ್ತಿಸಿಕೊಂಡು ಗುರುತಿಸಿತು.

ವ್ಯಾಪಾರಿ ಸಮಸ್ಯೆಯನ್ನು ಅಲಕ್ಷ್ಯ ಮಾಡುವವನಲ್ಲ. ಸಭೆ ಕರೆದ. ಸಭೆಗೆ ಯಂತ್ರ ಮಾರಿದವನು ಬಂದ, ಮೇಸ್ತ್ರಿ ಬಂದ, ಚಹಾ ಬಂತು. ಬೀಜ ಒಡೆಯುವವರನ್ನು ಕರೆದಿರಲಿಲ್ಲ. ಎರಡು ಗಂಟೆ ಚರ್ಚೆಯಾಗಿ ಒಂದು ಪರಿಹಾರ ಸಿಕ್ಕಿತು. ಮರುದಿನ ಗೋಡೆಯ ಮೇಲೆ ನೋಟೀಸು ಅಂಟಿಸಿದರು: ಇನ್ನು ಮುಂದೆ ಕೈಗೆ ಎಣ್ಣೆ, ಬೂದಿ ಹಚ್ಚಕೂಡದು.

ಗಾಜು ಸ್ವಚ್ಛವಾಯಿತು. ಸೊನೆ ಬರಿಗೈಗೆ ತಾಗತೊಡಗಿತು. ತಿಂಗಳೊಳಗೆ ಬೆರಳ ತುದಿಯ ಚರ್ಮ ಹೋಯಿತು, ಅದರ ಜೊತೆ ಗೆರೆಯೂ ಹೋಯಿತು. ಯಾರು ಹೆಚ್ಚು ಬೀಜ ಒಡೆದಿದ್ದರೋ ಅವರ ಗೆರೆ ಮೊದಲು ಹೋಯಿತು. ಕೈ ಕಟ್ಟಿ ನಿಂತು ನೋಡಿಕೊಳ್ಳುವ ಮೇಸ್ತ್ರಿಯ ಬೆರಳನ್ನು ಮಾತ್ರ ಯಂತ್ರ ಒಂದೇ ಸಲಕ್ಕೆ ಗುರುತಿಸುತ್ತಿತ್ತು.

ಒಂದು ಸೋಮವಾರ ಯಂತ್ರ ಆ ಹೆಂಗಸನ್ನು ಗುರುತಿಸಲಿಲ್ಲ. ಒರೆಸಿಕೊಂಡು ಒತ್ತಿದಳು. ಎಡಗೈಯನ್ನೂ ಒತ್ತಿದಳು.

"ಏನು ಹೇಳ್ತದೆ ಮೇಸ್ತ್ರಿ ಅದು?" ಎಂದು ಕೇಳಿದಳು.

"ನೀನು ಬರಲಿಲ್ಲ ಅಂತ ಹೇಳ್ತದೆ ಅಕ್ಕ."

"ನಿನ್ನ ಎದುರಿಗೇ ನಿಂತಿದ್ದೇನಲ್ಲ ಮಾರಾಯ!"

"ನನಗೆ ಕಾಣ್ತದೆ. ಅದಕ್ಕೆ ಕಾಣಬೇಕಲ್ಲ? ಈಗ ಒಳಗೆ ಹೋಗಿ ಕೂತ್ಕೋ. ಹುರಿದ ಬೀಜ ರಾಶಿ ಬಿದ್ದಿದೆ."

ಅವಳು ಒಳಗೆ ಹೋಗಿ ಕುಳಿತಳು. ಏಳು ದಿನ ಹೀಗೆಯೇ ನಡೆಯಿತು. ಬೆಳಿಗ್ಗೆ ಯಂತ್ರ ಅವಳು ಬರಲಿಲ್ಲ ಎನ್ನುವುದು, ಮೇಸ್ತ್ರಿ ಅವಳನ್ನು ಒಳಗೆ ಕೂರಿಸುವುದು, ಸಂಜೆ ಅವಳು ಒಡೆದ ತಿರುಳು ಇಡಿಯಾಗಿ ಡಬ್ಬಿ ಸೇರುವುದು. ಬಾರದವಳು ಒಡೆದ ತಿರುಳನ್ನು ಹೇಗೆ ಮಾರುವುದೆಂದು ಯಾರಿಗೂ ಸಂಶಯ ಬರಲಿಲ್ಲ.

ಎಂಟನೆಯ ದಿನ ಕಂಪ್ಯೂಟರಿನಿಂದ ಒಂದು ಪತ್ರ ಹೊರಬಂತು. 'ತಾವು ಏಳು ದಿನದಿಂದ ಕೆಲಸಕ್ಕೆ ಹಾಜರಾಗದ ಕಾರಣ ತಮ್ಮನ್ನು ಕೆಲಸದಿಂದ ತೆಗೆಯಲಾಗಿದೆ' ಎಂದು ಅದರಲ್ಲಿತ್ತು. ಮೇಸ್ತ್ರಿ ಅದನ್ನು ಹಿಡಿದು ಅವಳ ಮನೆಗೆ ಹೋಗಬೇಕಾಗಲಿಲ್ಲ. ಅವಳು ಮಣೆಯ ಮೇಲೆಯೇ ಇದ್ದಳು, ಬೀಜ ಒಡೆಯುತ್ತಿದ್ದಳು. ಅಲ್ಲಿಯೇ ಓದಿ ಹೇಳಿದ. ಪತ್ರ ತಲುಪಿದ್ದಕ್ಕೆ ಹೆಬ್ಬೆಟ್ಟು ಒತ್ತಲು ಶಾಯಿಯ ಡಬ್ಬಿ ಮುಂದಿಟ್ಟ.

ಅವಳು ಒತ್ತಿದಳು. ಕಾಗದದ ಮೇಲೆ ಒಂದು ಕಪ್ಪು ಮಚ್ಚೆ ಬಿತ್ತು. ಒಂದು ಗೆರೆಯೂ ಇರಲಿಲ್ಲ.

"ಇದರಲ್ಲಿಯೂ ನಾನಿಲ್ಲವಲ್ಲ?" ಎಂದಳು.

"ತೊಂದರೆಯಿಲ್ಲ ಅಕ್ಕ, ತೆಗೆದುಹಾಕುವುದಕ್ಕೆ ಇಷ್ಟು ಸಾಕು" ಎಂದ ಮೇಸ್ತ್ರಿ.

ಹೊರಡುವಾಗ ವ್ಯಾಪಾರಿ ಅಂಗಳದಲ್ಲಿ ಎದುರಾದ. ಅವಳು ಕೈ ಮುಗಿಯಲಿಲ್ಲ. ಎರಡು ಅಂಗೈಗಳನ್ನೂ ಬಿಚ್ಚಿ ಅವನ ಮುಖದ ಮುಂದೆ ಹಿಡಿದಳು. "ಧಣಿಗಳೇ, ಹತ್ತು ದಿನ ನನ್ನ ಮಣೆಯಲ್ಲಿ ಕೂತು ನೋಡಿ" ಎಂದು ಹೇಳಿ ಹೋದಳು.

ಅವಳ ಹಿಂದೆಯೇ ಇನ್ನೂ ಅರವತ್ತು ಹೆಂಗಸರ ಹೆಸರು ಅಳಿಸಿಹೋಯಿತು. ಅವರ ಜಾಗಕ್ಕೆ ಇನ್ನೂ ಸೊನೆ ತಾಗದ ಬೆರಳಿನ ಹೊಸಬರು ಬಂದರು. ಯಂತ್ರ ಎಲ್ಲರನ್ನೂ ಗುರುತಿಸಿತು. ಯಂತ್ರ ಮಾರಿದವನು ಬಂದು, ಇಷ್ಟು ಚೆನ್ನಾಗಿ ನಡೆಯುವ ಕಾರ್ಖಾನೆಯನ್ನು ನಾನು ನೋಡಿಲ್ಲ ಎಂದ. ತಿರುಳು ಮಾತ್ರ ಪುಡಿಪುಡಿಯಾಗಿ ಬರತೊಡಗಿತು. ಹೊರದೇಶದವರು ಡಬ್ಬಿಗಳನ್ನು ಹಿಂದಕ್ಕೆ ಕಳಿಸಿದರು.

ವ್ಯಾಪಾರಿಗೆ ಸಿಟ್ಟು ಬಂತು. ಯಂತ್ರದ ಮೇಲಲ್ಲ, ಹೆಂಗಸರ ಮೇಲೆ. "ಬೀಜ ಒಡೆಯುವುದು ಏನು ಮಹಾ ವಿದ್ಯೆ? ಕೈ ಹಾಳುಮಾಡಿಕೊಳ್ಳದೆ ಒಡೆಯುವುದು ಹೇಗೆಂದು ನಾನೇ ತೋರಿಸುತ್ತೇನೆ" ಎಂದು ಎಲ್ಲರೆದುರು ಹೇಳಿದ. ಆ ಹೆಂಗಸಿನ ಮಣೆಯಲ್ಲಿಯೇ ಕುಳಿತ. ನೋಟೀಸು ತಾನೇ ಹಾಕಿಸಿದ್ದರಿಂದ ಎಣ್ಣೆ ಹಚ್ಚುವಂತಿರಲಿಲ್ಲ. ಮೂರನೆಯ ದಿನ ಬೊಬ್ಬೆ ಬಂತು. ಆರನೆಯ ದಿನ ಚರ್ಮ ಸುಲಿಯಿತು. ಹಟಗಾರ, ಒಂಬತ್ತು ದಿನ ಕುಳಿತ. ಒಂದು ತಿರುಳೂ ಇಡಿಯಾಗಿ ಬರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ತನ್ನ ಕೋಣೆಗೆ ಹೋಗಿ ಹೆಬ್ಬೆರಳು ಒತ್ತಿದ. ಬಾಗಿಲು ತೆರೆಯಲಿಲ್ಲ. ಒರೆಸಿಕೊಂಡು ಒತ್ತಿದ. ಎಡಗೈ ಒತ್ತಿದ. ಕೊನೆಗೆ ಬಾಗಿಲನ್ನು ಒದ್ದು, "ನಾನು ಧಣಿ! ಇದು ನನ್ನ ಕೋಣೆ!" ಎಂದು ಕೂಗಿದ.

ಸದ್ದು ಕೇಳಿ ಮೇಸ್ತ್ರಿ ಓಡಿ ಬಂದ. ಯಂತ್ರದ ಮುಖ ನೋಡಿದ. ಧಣಿಯ ಮುಖ ನೋಡಿದ. ಆಮೇಲೆ ಮತ್ತೆ ಯಂತ್ರವನ್ನೇ ನೋಡಿದ. ಅವನಿಗೆ ಅಷ್ಟು ಚೆನ್ನಾಗಿ ಅಭ್ಯಾಸ ಮಾಡಿಸಿದ್ದರು.

"ನೀವು ಬರಲಿಲ್ಲ ಅಂತ ಹೇಳ್ತದೆ ಧಣಿಗಳೇ" ಎಂದ.

ವ್ಯಾಪಾರಿ ಮುಚ್ಚಿದ ಬಾಗಿಲಿನ ಮುಂದೆ ತನ್ನ ಸುಲಿದ ಬೆರಳುಗಳನ್ನು ನೋಡಿಕೊಂಡ.

ಗುರು ಇಷ್ಟಕ್ಕೆ ನಿಲ್ಲಿಸಿದರು. ಶಿಷ್ಯ ನೆಮ್ಮದಿಯ ಉಸಿರು ಬಿಟ್ಟ. ಕತೆ ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟಿತೆಂದು ಅವನಿಗೆ ಅನಿಸಿತು.

"ಅಂತೂ ಕೊನೆಗೆ ವ್ಯಾಪಾರಿಗೆ ಬುದ್ಧಿ ಬಂತಲ್ಲ, ಗುರುಗಳೇ" ಎಂದ.

"ಬಂತು" ಎಂದರು ಗುರು, "ಮರುದಿನವೇ ತನ್ನ ಕೋಣೆಗೆ ಮಾತ್ರ ಹಳೆಯ ಬೀಗ ಹಾಕಿಸಿಕೊಂಡ."